ಹೊರೆ ಹೊರಿಸುವವನ ಧರ್ಮ

ಕಠೋಪನಿಷತ್ತಿನ ರಥಕಲ್ಪನೆಯನ್ನು ಪ್ರವಚನಗಳಲ್ಲಿ ಕೇಳದ ಆಸ್ತಿಕರು ವಿರಳ. ಅಲ್ಲಿ ನಮ್ಮ ಇಂದ್ರಿಯಗಳನ್ನು ಕುದುರೆಗಳಿಗೂ ಮನಸ್ಸನ್ನು ಕಡಿವಾಣಕ್ಕೂ ಹೋಲಿಸಲಾಗಿದೆ. ಕುದುರೆಗಳು ಅಂಕೆ ತಪ್ಪಿದರೆ ರಥಕ್ಕೆ ಅಪಾಯವೆಂಬ ಎಚ್ಚರಿಕೆಯನ್ನು ನಾವೆಲ್ಲರೂ ಕೇಳಿ ತಲೆದೂಗಿದ್ದೇವೆ. ಆದರೆ ಉಪಮಾನವಾಗುವುದಕ್ಕೆ ಮುಂಚೆ ಕುದುರೆಯು ಕುದುರೆಯೇ ಆಗಿತ್ತು. ಅದಕ್ಕೊಂದು ಹೆಗಲಿತ್ತು, ಆ ಹೆಗಲಿಗೆ ಚರ್ಮವಿತ್ತು, ಆ ಚರ್ಮಕ್ಕೆ ನೋವಿತ್ತು. ಸಾರಥಿಯು ಕುದುರೆಯನ್ನು ಹೇಗೆ ಅಂಕೆಯಲ್ಲಿಡಬೇಕೆಂದು ವಿಚಾರ ಮಾಡುವ ನಾವು, ಆ ಕುದುರೆಗೆ ಸಾರಥಿಯು ತೀರಿಸಬೇಕಾದ ಋಣವೇನು ಎಂದು ವಿಚಾರ ಮಾಡುವುದು ಅಪರೂಪ. ತನ್ನ ನೋವನ್ನು ಬಾಯಿಬಿಟ್ಟು ಹೇಳಲಾರದ ಜೀವಿಯ ಬಲವನ್ನು ಬಳಸಿಕೊಳ್ಳುವವನ ಧರ್ಮವೇನು? ಪ್ರಕೃತ ಲೇಖನದಲ್ಲಿ ಈ ಒಂದು ಪ್ರಶ್ನೆಯನ್ನೇ ವಿಮರ್ಶಿಸಲು ಯತ್ನಿಸುತ್ತೇವೆ.

ಈ ವಿಮರ್ಶೆಗೆ, ಭಾರ ಎಳೆಯುವ ಕುದುರೆಗಳ ಜೋಡಿಗೆ ಸಜ್ಜು ತೊಡಿಸುವ ವಿದ್ಯೆಯು ಬಹಳ ಸಹಕಾರಿಯಾಗಿದೆ. ನಮ್ಮ ನಾಡಿನಲ್ಲಿ ಹೊಲ ಉಳುವುದೂ ಬಂಡಿ ಎಳೆಯುವುದೂ ಪರಂಪರೆಯಿಂದ ಎತ್ತುಗಳ ಪಾಲಿಗೆ ಬಂದ ಕೆಲಸಗಳು. ಕುದುರೆಯೆಂದರೆ ನಮ್ಮ ಕಣ್ಣಮುಂದೆ ನಿಲ್ಲುವುದು ಜಟಕಾ ಗಾಡಿಯ ಒಂಟಿ ಕುದುರೆ. ಪಶ್ಚಿಮ ಯೂರೋಪು ಮತ್ತು ಉತ್ತರ ಅಮೆರಿಕಗಳಲ್ಲಿ ಹಾಗಿರಲಿಲ್ಲ. ಫ್ರಾನ್ಸಿನ ಪರ್ಶೆರಾನ್, ಬೆಲ್ಜಿಯಂ ದೇಶದ ಬೆಲ್ಜಿಯನ್, ಇಂಗ್ಲೆಂಡಿನ ಶೈರ್, ಸ್ಕಾಟ್ಲೆಂಡಿನ ಕ್ಲೈಡ್ಸ್‌ಡೇಲ್ ಮೊದಲಾದ ಭಾರೀ ತಳಿಗಳ ಕುದುರೆಗಳು ಅಲ್ಲಿ ನೇಗಿಲನ್ನೂ ಬಂಡಿಯನ್ನೂ ಎಳೆದವು. ಇವುಗಳಲ್ಲಿ ಒಂದೊಂದು ಕುದುರೆಯ ತೂಕ ೭೦೦ರಿಂದ ೯೦೦ ಕಿಲೋಗಳವರೆಗೂ, ಕೆಲವೊಮ್ಮೆ ಅದಕ್ಕೂ ಮೇಲೆಯೂ ಇರುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ೧೯೧೫ರ ಸುಮಾರಿಗೆ ಕುದುರೆ ಮತ್ತು ಹೇಸರಗತ್ತೆಗಳು ಒಟ್ಟು ಎರಡೂವರೆ ಕೋಟಿಗೂ ಹೆಚ್ಚಿದ್ದವು. ೧೯೫೦ರ ದಶಕದ ವೇಳೆಗೆ ಟ್ರ್ಯಾಕ್ಟರುಗಳು ಅವುಗಳ ಸ್ಥಾನವನ್ನು ಆಕ್ರಮಿಸಿದವು. ಆದರೂ ಪೆನ್ಸಿಲ್ವೇನಿಯಾ, ಒಹಾಯೊ, ಇಂಡಿಯಾನಾ ಮೊದಲಾದ ಪ್ರಾಂತಗಳಲ್ಲಿ ನೆಲೆಸಿರುವ ಆಮಿಶ್ ಎಂಬ ಕ್ರೈಸ್ತ ಪಂಗಡದ ಕೃಷಿಕರು ಇಂದಿಗೂ ಹೊಲದಲ್ಲಿ ಕುದುರೆಗಳನ್ನೂ ಹೇಸರಗತ್ತೆಗಳನ್ನೂ ಹೂಡುತ್ತಾರೆ. ಅಲ್ಲಿನ ಮಕ್ಕಳು ತಂದೆಯ ಜೊತೆಗೆ ನಿಂತು ಈ ವಿದ್ಯೆಯನ್ನು ಕಲಿಯುತ್ತಾರೆ.

ಕಲಿಯುವವನು ಮೊದಲು ತಿಳಿಯಬೇಕಾದದ್ದು ಕೊರಳಪಟ್ಟಿಯ ವಿಚಾರ. ಎತ್ತಿನ ಹಿಣಿಲಿನ ಮುಂದೆ ನೊಗವು ಸಹಜವಾಗಿ ನಿಲ್ಲುತ್ತದೆ. ಕುದುರೆಗೆ ಹಿಣಿಲಿಲ್ಲ, ಅದರ ಕೊರಳು ಮೇಲಕ್ಕೆ ಚಾಚಿರುತ್ತದೆ. ಆದ್ದರಿಂದ ಅದರ ಎರಡು ಹೆಗಲುಗಳನ್ನೂ ಸುತ್ತಿ ಬರುವಂತೆ ಒಳಗೆ ಮೆತ್ತೆ ತುಂಬಿದ, ಅಂಡಾಕಾರದ ತೊಗಲಿನ ಪಟ್ಟಿಯೊಂದನ್ನು ತೊಡಿಸುತ್ತಾರೆ. ಭಾರವೆಲ್ಲವನ್ನೂ ಕುದುರೆಯು ಈ ಪಟ್ಟಿಗೆ ಹೆಗಲು ಕೊಟ್ಟು ಮುಂದಕ್ಕೆ ತಳ್ಳುತ್ತದೆ. ನಾವು ‘ಎಳೆಯುತ್ತದೆ’ ಎನ್ನುವುದು ಕುದುರೆಯ ಅನುಭವದಲ್ಲಿ ತಳ್ಳುವುದೇ ಆಗಿದೆ. ಪಟ್ಟಿಯನ್ನು ಹೆಗಲಿಗೆ ಒತ್ತಿ ಹಿಡಿದಾಗ ಅದರ ಕೆಳತುದಿಗೂ ಶ್ವಾಸನಾಳಕ್ಕೂ ನಡುವೆ ಚಪ್ಪಟೆಯಾಗಿ ಹಿಡಿದ ಅಂಗೈಯೊಂದು ತೂರುವಷ್ಟು ಜಾಗವಿರಬೇಕು. ಪಕ್ಕಗಳಲ್ಲಿ ಕೈಬೆರಳುಗಳು ಬಿಗಿಯಾಗಿ ಹೋಗಬೇಕು. ಪಟ್ಟಿ ಚಿಕ್ಕದಾದರೆ ಉಸಿರು ಕಟ್ಟುತ್ತದೆ. ಅಗಲವಾದರೆ ಹೆಜ್ಜೆಹೆಜ್ಜೆಗೂ ಅತ್ತಿತ್ತ ತೂಗಾಡಿ ಚರ್ಮವನ್ನು ಉಜ್ಜಿ ಹುಣ್ಣು ಮಾಡುತ್ತದೆ. ಉದ್ದವಾದರೆ ಎಳೆತದ ಬಿಂದು ಕೆಳಕ್ಕೆ ಜಾರಿ, ಹೆಗಲಿನ ಕೀಲಿನ ಮೇಲೆಯೇ ಭಾರ ಬೀಳುತ್ತದೆ. ಕುದುರೆಗೆ ನಮ್ಮಂತೆ ಕೊರಳೆಲುಬಿಲ್ಲ. ಅದರ ಮುಂಗಾಲುಗಳು ಕೇವಲ ಮಾಂಸಖಂಡಗಳಿಂದಲೇ ಮುಂಡಕ್ಕೆ ಸೇರಿಕೊಂಡಿವೆ. ಆದುದರಿಂದ ನಾವು ಭಾರವನ್ನು ಕಟ್ಟುವುದು ಸ್ಥಿರವಾದ ಗೋಡೆಗಲ್ಲ, ಪ್ರತಿ ಹೆಜ್ಜೆಗೂ ಅಲುಗುವ ಸಜೀವ ಮಾಂಸಕ್ಕೆ ಎಂಬುದು ನೆನಪಿನಲ್ಲಿರಬೇಕು.

ಕೊರಳಪಟ್ಟಿಯ ಹೊರಗಾಲುವೆಯಲ್ಲಿ ಎರಡು ಬಾಗಿದ ತೋಳುಗಳನ್ನು, ಮರದವನ್ನೋ ಲೋಹದವನ್ನೋ, ಕೂರಿಸಿ ಮೇಲೂ ಕೆಳಗೂ ಬಿಗಿಯುತ್ತಾರೆ. ಇವುಗಳಿಗೆ ಎಳೆಪಟ್ಟಿಗಳು ಸೇರುವ ಸ್ಥಾನವು ಕೊರಳಪಟ್ಟಿಯ ಕೆಳಗಿನಿಂದ ಸುಮಾರು ಮೂರನೆಯ ಒಂದು ಭಾಗದ ಎತ್ತರದಲ್ಲಿರಬೇಕು. ಹೆಗಲಿನ ಇಳಿಜಾರಿಗೆ ಎಳೆಪಟ್ಟಿಯು ಸರಿಯಾಗಿ ಲಂಬಕೋನದಲ್ಲಿ ಹೊರಟರೆ ಕೊರಳಪಟ್ಟಿಯು ಮೇಲಕ್ಕೂ ಏರದು, ಕೆಳಕ್ಕೂ ಜಗ್ಗದು. ಕುದುರೆಯ ಹಿಂಬದಿಯನ್ನು ಸುತ್ತಿ ಬರುವ ಪಟ್ಟಿಯೊಂದಿದೆ. ಇಳಿಜಾರಿನಲ್ಲಿ ಬಂಡಿಯು ಕುದುರೆಯ ಮೇಲೆ ನುಗ್ಗದಂತೆ ತಡೆಯುವುದು ಅದರ ಕಾರ್ಯ. ಅದು ಸಡಿಲವಾದರೆ ಬಂಡಿಯ ಭಾರ ಒಮ್ಮೆಲೇ ಬಂದು ಬಡಿಯುತ್ತದೆ, ಬಿಗಿಯಾದರೆ ನಡೆಯುವ ಕಾಲನ್ನೇ ಕಟ್ಟಿದಂತಾಗುತ್ತದೆ. ಕಡಿವಾಣದ ಕಬ್ಬಿಣವು ತುಟಿಯ ಮೂಲೆಯಲ್ಲಿ ಒಂದೆರಡು ಸುಕ್ಕುಗಳನ್ನಷ್ಟೇ ಮೂಡಿಸಬೇಕು. ಸಾರಥಿಯ ಕೈಯಲ್ಲಿರುವುದು ಎರಡೇ ವಾಘೆಗಳು. ಒಂದೊಂದೂ ಮುಂದೆ ಕವಲೊಡೆದು ಎರಡು ಕುದುರೆಗಳ ಬಾಯಿಗೂ ತಲುಪುತ್ತದೆ. ಅಡ್ಡವಾಗಿ ಹೋಗುವ ಆ ಕವಲುಗಳು ಗಿಡ್ಡವಾದರೆ ಎರಡರ ತಲೆಗಳೂ ಒಂದಕ್ಕೊಂದು ತಾಗುತ್ತವೆ, ಉದ್ದವಾದರೆ ಎರಡೂ ಹೊರಕ್ಕೆ ಮುಖ ತಿರುಗಿಸುತ್ತವೆ. ಸರಿಯಾದ ಒಂದು ರಂಧ್ರಕ್ಕೆ ಕೊಂಡಿ ಬಿದ್ದಾಗಲೇ ಎರಡು ಕುದುರೆಗಳೂ ನೇರವಾಗಿ ಮುಂದೆ ನೋಡುತ್ತವೆ.

ಈ ವಿದ್ಯೆಯಲ್ಲಿ ಇನ್ನೊಂದು ನಿಯಮವೂ ಉಂಟು. ಕುದುರೆಗಳನ್ನು ಹೂಡುವಾಗ ಮೊದಲು ವಾಘೆ, ಬಳಿಕ ಮೂಕಿ, ಎಲ್ಲಕ್ಕೂ ಕೊನೆಗೆ ಎಳೆಪಟ್ಟಿ. ಬಿಚ್ಚುವಾಗ ಎಲ್ಲಕ್ಕೂ ಮೊದಲು ಎಳೆಪಟ್ಟಿ. ಕುದುರೆ ಬೆದರಿ ಓಡಿದರೆ ಅರ್ಧ ಬಿಚ್ಚಿದ ಭಾರವು ಅದರ ಕಾಲಿಗೆ ಸಿಕ್ಕಬಾರದೆಂಬ ಮುಂಜಾಗ್ರತೆಯಿಂದ ಈ ಕ್ರಮವು ಬಂದಿದೆ. ಭಾರವನ್ನು ಕೊನೆಗೆ ಕಟ್ಟಬೇಕು, ಮೊದಲು ಇಳಿಸಬೇಕು ಎಂಬುದು ಇದರ ತಾತ್ಪರ್ಯ.

ಇಷ್ಟು ವಿವರಗಳನ್ನು ಹೇಳಿದ್ದು ಏಕೆಂದರೆ, ನಾವು ಕೇಳಿದ ಪ್ರಶ್ನೆಯ ಉತ್ತರವು ಈ ಅಂಗುಲಗಳ ಲೆಕ್ಕದಲ್ಲಿಯೇ ಅಡಗಿದೆ. ಒಂದು ಕುದುರೆ ಮುಂದೆ ಹೆಜ್ಜೆಯಿಡಲು ಒಪ್ಪದೆ ನಿಂತುಬಿಡುತ್ತದೆ ಎಂದುಕೊಳ್ಳೋಣ. ಅದು ತಲೆ ಕೊಡವುತ್ತದೆ, ಪಕ್ಕಕ್ಕೆ ಸರಿಯುತ್ತದೆ, ಚಾವಟಿಯ ಸದ್ದಿಗೆ ಹಿಂದಕ್ಕೆ ಹೆಜ್ಜೆಯಿಡುತ್ತದೆ. ಜನರು ಅದಕ್ಕೆ ‘ಮೊಂಡು ಕುದುರೆ’ ಎಂದು ಹೆಸರಿಡುತ್ತಾರೆ. ಕೊರಳಪಟ್ಟಿಯನ್ನು ಎತ್ತಿ ನೋಡಿದರೆ ಹೆಗಲಿನ ಮೇಲೆ ರೂಪಾಯಿ ನಾಣ್ಯದಷ್ಟು ಅಗಲದ ಹಸಿ ಗಾಯವಿರಬಹುದು. ನಿನ್ನೆಯ ಬೆವರು ಒಣಗಿ ಪಟ್ಟಿಯ ಒಳಮೈಯಲ್ಲಿ ಉಪ್ಪಿನ ಹಕ್ಕಳೆಯಾಗಿ, ಇಂದು ಅದೇ ಗಾಯವನ್ನು ಉಜ್ಜುತ್ತಿರಬಹುದು. ಎಲ್ಲ ಮೊಂಡುತನವೂ ನೋವಿನಿಂದಲೇ ಬರುತ್ತದೆಂದು ನಾವು ಹೇಳುವುದಿಲ್ಲ. ಭಯದಿಂದಲೂ ಕೆಟ್ಟ ರೂಢಿಯಿಂದಲೂ ಕುದುರೆ ನಿಲ್ಲುವುದುಂಟು. ಆದರೆ ಪಟ್ಟಿಯನ್ನು ಎತ್ತಿ ನೋಡುವುದಕ್ಕೆ ಮುಂಚೆ ಮೊಂಡು ಎಂದು ತೀರ್ಪು ಕೊಟ್ಟವನು ನೋವಿಗೆ ದುರ್ಗುಣವೆಂಬ ಹೆಸರನ್ನು ಕೊಟ್ಟಂತಾಯಿತು. ಗಾಯ ಮಾಡಿದವನೂ ಅವನೇ, ದೂರುವವನೂ ಅವನೇ, ದಂಡಿಸುವವನೂ ಅವನೇ. ಹೊರುವವನಿಗೆ ಬಾಯಿಲ್ಲದಾಗ ಹೊರಿಸುವವನಿಗೆ ಒದಗುವ ಅತಿ ದೊಡ್ಡ ಅಪಾಯವೆಂದರೆ ಈ ಅನ್ಯಾಯವು ಅವನಿಗೆ ಅನ್ಯಾಯವೆಂದು ತೋರದೆ ಹೋಗುವುದು.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ಮೊದಲನೆಯದು: ಸ್ವತಂತ್ರವಾಗಿ ಮೇಯಬೇಕಾದ ಪ್ರಾಣಿಯನ್ನು ಕಟ್ಟಿ ದುಡಿಸುವುದೇ ಹಿಂಸೆ, ಸಜ್ಜು ಮೃದುವಾಗಿದ್ದರೇನು, ಒರಟಾಗಿದ್ದರೇನು, ಬಂಧನವು ಬಂಧನವೇ. ಈ ಮಾತನ್ನು ಲಘುವಾಗಿ ತಳ್ಳಿಹಾಕಲಾಗದು. ಆದರೆ ಭಾರೀ ತಳಿಯ ಈ ಕುದುರೆಗಳು ಶತಮಾನಗಳ ಕಾಲ ಮನುಷ್ಯನ ಆಶ್ರಯದಲ್ಲಿಯೇ, ಮನುಷ್ಯನ ಆಯ್ಕೆಯಿಂದಲೇ ಬೆಳೆದುಬಂದವು. ಅವುಗಳನ್ನು ಕಾಡಿಗೆ ಬಿಟ್ಟುಬಿಡುವುದು ಋಣಮೋಚನೆಯಲ್ಲ, ಋಣವನ್ನು ನಿರಾಕರಿಸಿದಂತೆ. ಮೇಲಾಗಿ, ಬಂಧನವೆಲ್ಲವೂ ಒಂದೇ ಎಂದು ಸಾಧಿಸಿದರೆ ಉಸಿರು ಕಟ್ಟಿಸುವ ಪಟ್ಟಿಗೂ ಹೆಗಲಿಗೊಪ್ಪುವ ಪಟ್ಟಿಗೂ ಭೇದವೇ ಇಲ್ಲವೆಂದಂತಾಗುತ್ತದೆ. ಆ ಭೇದವು ನಮಗೆ ಕಾಣದಿದ್ದರೂ ಕುದುರೆಗೆ ಚೆನ್ನಾಗಿ ಗೊತ್ತು.

ಎರಡನೆಯ ಆಕ್ಷೇಪವು ಇನ್ನೂ ಸೂಕ್ಷ್ಮವಾದುದು. ಸಜ್ಜು ಸರಿಹೊಂದಿದರೆ ಕುದುರೆ ಹೆಚ್ಚು ಎಳೆಯುತ್ತದೆ. ಆದುದರಿಂದ ಒಡೆಯನ ಈ ಕರುಣೆಯು ವಸ್ತುತಃ ಲಾಭದ ಲೆಕ್ಕಾಚಾರವೇ ಹೊರತು ಧರ್ಮವಲ್ಲ ಎಂದು ಪ್ರತಿವಾದಿಯು ಹೇಳಬಹುದು. ಇದಕ್ಕೆ ಸಮಾಧಾನವನ್ನು ಚರಿತ್ರೆಯಲ್ಲಿಯೂ ಹುಡುಕಬಹುದು. ಕೊರಳಪಟ್ಟಿಯು ಯೂರೋಪಿನಲ್ಲಿ ಬಳಕೆಗೆ ಬಂದದ್ದು ಸುಮಾರು ಕ್ರಿ.ಶ. ೯–೧೦ನೆಯ ಶತಮಾನಗಳಲ್ಲಿ, ಚೀನದಲ್ಲಿ ಎದೆಪಟ್ಟಿಯ ಸಜ್ಜು ಅದಕ್ಕೆ ಬಹಳ ಮೊದಲೇ, ಕ್ರಿಸ್ತಪೂರ್ವ ಕಾಲದಲ್ಲಿಯೇ ಇತ್ತು. ಲಫೇವ್ರ್ ದೆ ನೋಯೆತ್ ಎಂಬ ಫ್ರೆಂಚ್ ಅಶ್ವದಳದ ಅಧಿಕಾರಿಯು ೧೯೩೧ರಲ್ಲಿ ಈ ವಿಷಯವಾಗಿ ಒಂದು ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದನು. ಪ್ರಾಚೀನರ ಸಜ್ಜು ಕುದುರೆಯ ಕೊರಳನ್ನು ಒತ್ತಿ ಉಸಿರು ಕಟ್ಟಿಸುತ್ತಿತ್ತು, ಆದ್ದರಿಂದ ಬಂಡಿಯೊಂದಕ್ಕೆ ಸುಮಾರು ೫೦೦ ಕಿಲೋಗಿಂತ ಹೆಚ್ಚು ಹೇರಲಾಗುತ್ತಿರಲಿಲ್ಲ, ಆ ಕೊರತೆಯನ್ನು ತುಂಬಲು ಗುಲಾಮರ ಹೆಗಲು ಬೇಕಾಯಿತು, ಒಳ್ಳೆಯ ಕೊರಳಪಟ್ಟಿ ಬಂದಮೇಲೆ ಗುಲಾಮಗಿರಿಗೆ ಕಾರಣವೇ ಉಳಿಯಲಿಲ್ಲ ಎಂಬುದು ಅವನ ವಾದಸರಣಿ. ಕೇಳಲು ಮನೋಹರವಾದ ವಾದವಿದು. ಆದರೆ ಜಾನ್ ಸ್ಪ್ರುಯ್ತ್ ಎಂಬ ಮತ್ತೊಬ್ಬ ಫ್ರೆಂಚ್ ಸಂಶೋಧಕನು ಪ್ರಾಚೀನ ಸಜ್ಜುಗಳನ್ನು ಮರುನಿರ್ಮಿಸಿ, ನಿಜವಾದ ಕುದುರೆಗಳಿಗೆ ತೊಡಿಸಿ, ಓಡಿಸಿ ನೋಡಿದನು. ೧೯೭೭ರಲ್ಲಿ ಪ್ರಕಟವಾದ ಅವನ ಪ್ರಯೋಗಗಳ ಪ್ರಕಾರ ಆ ಸಜ್ಜುಗಳು ಭಾವಿಸಿದ್ದಂತೆ ಉಸಿರು ಕಟ್ಟಿಸುತ್ತಿರಲಿಲ್ಲ. ಅದಕ್ಕಿಂತಲೂ ಮುಖ್ಯವಾದ ಸಾಕ್ಷ್ಯವೊಂದಿದೆ. ಕೊರಳಪಟ್ಟಿಯನ್ನು ಚೆನ್ನಾಗಿ ಬಲ್ಲ ಯೂರೋಪಿನ ಜನರೇ ೧೬ನೆಯ ಶತಮಾನದಿಂದ ಆಫ್ರಿಕದ ಲಕ್ಷಾಂತರ ಮಂದಿಯನ್ನು ಸೆರೆಯಲ್ಲಿಟ್ಟು ಅಮೆರಿಕ ಖಂಡಗಳಿಗೆ ಸಾಗಿಸಿದರು. ಆ ಗುಲಾಮಗಿರಿಯು ಸಂಯುಕ್ತ ಸಂಸ್ಥಾನಗಳಲ್ಲಿ ಕೊನೆಗೊಂಡದ್ದು ೧೮೬೫ರಲ್ಲಿ, ಬ್ರೆಜಿಲಿನಲ್ಲಿ ೧೮೮೮ರಲ್ಲಿ. ಕುದುರೆಯ ಹೆಗಲಿಗೆ ಮೆತ್ತೆ ಹೊಲಿಯಲು ಕಲಿತ ಕೈಗಳೇ ಮನುಷ್ಯನ ಕೊರಳಿಗೆ ಸರಪಳಿಯನ್ನು ತೊಡಿಸಿದವು.

ಇದರಿಂದ ಸಿದ್ಧವಾಗುವುದೇನು? ಉಪಕರಣವು ಉತ್ತಮವಾದ ಮಾತ್ರಕ್ಕೆ ಮನುಷ್ಯನು ಉತ್ತಮನಾಗುವುದಿಲ್ಲ. ಪ್ರತಿವಾದಿಯು ಹೇಳಿದ ಲಾಭಬುದ್ಧಿಯು ಒಳ್ಳೆಯ ಪಟ್ಟಿಯನ್ನು ಕೊಂಡುತರಬಲ್ಲದು ಎಂಬುದನ್ನು ನಾವು ಒಪ್ಪುತ್ತೇವೆ. ಆದರೆ ಲಾಭಬುದ್ಧಿಯು ಲಾಭವಿರುವವರೆಗೆ ಮಾತ್ರ ಜೊತೆಗಿರುತ್ತದೆ. ಕುದುರೆಗೆ ವಯಸ್ಸಾಗಿ ಅದರ ಎಳೆತವು ಕುಗ್ಗಿದಾಗ, ಸುಗ್ಗಿಯ ಆತುರದಲ್ಲಿ ಅರ್ಧ ಗಳಿಗೆ ನಿಂತರೂ ನಷ್ಟವಾಗುವಾಗ, ಗಾಯವು ಚಿಕ್ಕದು, ಇನ್ನೊಂದು ದಿನ ತಡೆದೀತು ಎಂದು ಮನಸ್ಸು ಹೇಳುವಾಗ ಪಟ್ಟಿಯನ್ನು ಎತ್ತಿ ನೋಡುವವನು ಯಾರು? ಲಾಭವೂ ಕರುಣೆಯೂ ಒಂದೇ ದಾರಿಯಲ್ಲಿ ನಡೆಯುವಷ್ಟು ದೂರ ಎರಡಕ್ಕೂ ಭೇದ ಕಾಣುವುದಿಲ್ಲ. ದಾರಿ ಕವಲೊಡೆದ ಸ್ಥಳದಲ್ಲಿಯೇ ಧರ್ಮದ ಪರೀಕ್ಷೆ ನಡೆಯುತ್ತದೆ.

ಶಾಸನವು ಈ ಪರೀಕ್ಷೆಯಲ್ಲಿ ನಮಗೆ ಸ್ವಲ್ಪಮಟ್ಟಿಗೆ ನೆರವಾಗುತ್ತದೆ. ಇಂಗ್ಲೆಂಡಿನಲ್ಲಿ ೧೮೨೨ರಲ್ಲಿಯೇ ಕುದುರೆ, ದನಗಳೇ ಮೊದಲಾದವುಗಳನ್ನು ಕ್ರೂರವಾಗಿ ನಡೆಸಿಕೊಳ್ಳುವುದರ ವಿರುದ್ಧ ಕಾನೂನು ಬಂತು. ಆದರೂ ಅರ್ಧ ಶತಮಾನ ಕಳೆದ ಮೇಲೂ ಶ್ರೀಮಂತರ ಗಾಡಿಗಳಲ್ಲಿ ಕುದುರೆಯ ತಲೆಯನ್ನು ಅಂದಕ್ಕಾಗಿ ಮೇಲಕ್ಕೆ ಬಿಗಿದು ಕಟ್ಟುವ ಪಟ್ಟಿಯೊಂದು ಬಳಕೆಯಲ್ಲಿತ್ತು. ದಿಬ್ಬವನ್ನೇರುವಾಗ ಕುದುರೆಯು ತಲೆ ತಗ್ಗಿಸಿ ತನ್ನ ತೂಕವನ್ನು ಮುಂದಕ್ಕೆ ಹಾಕಬೇಕು. ಆ ಪಟ್ಟಿ ಅದನ್ನೇ ತಡೆಯುತ್ತಿತ್ತು. ಆನಾ ಸೀವೆಲ್ ಎಂಬ ಮಹಿಳೆಯು ೧೮೭೭ರಲ್ಲಿ ಪ್ರಕಟಿಸಿದ ‘ಬ್ಲ್ಯಾಕ್ ಬ್ಯೂಟಿ’ ಎಂಬ ಕಾದಂಬರಿಯಲ್ಲಿ ಕುದುರೆಯ ಬಾಯಿಂದಲೇ ಈ ಸಂಕಟವನ್ನು ಹೇಳಿಸಿದಳು. ನಮ್ಮ ದೇಶದಲ್ಲಿ ೧೯೬೦ರ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆಯ ಅನ್ವಯ ೧೯೬೫ರಲ್ಲಿ ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳಿಗೆ ಸಂಬಂಧಿಸಿದ ನಿಯಮಗಳು ಬಂದವು. ಮುಳ್ಳು ಗುಬುಟುಗಳುಳ್ಳ ಕಡಿವಾಣ, ಸಜ್ಜು, ನೊಗಗಳನ್ನು ಅವು ನಿಷೇಧಿಸುತ್ತವೆ. ಇದು ಶ್ಲಾಘ್ಯವೇ. ಆದರೆ ಮುಳ್ಳನ್ನು ಕಾನೂನು ಕಾಣಬಲ್ಲದು. ನುಣುಪಾದ, ಬೆಲೆಬಾಳುವ, ಎರಡಂಗುಲ ಉದ್ದವಾದ ಪಟ್ಟಿಯು ಮಾಡುವ ಗಾಯವನ್ನು ಪ್ರತಿದಿನವೂ ಬೆಳಿಗ್ಗೆ ಬಂದು ನೋಡಲಾರದು. ಅಲ್ಲಿಂದ ಮುಂದೆ ಕೆಲಸ ಮಾಡಬೇಕಾದದ್ದು ಹೊರಿಸುವವನ ಕೈಬೆರಳುಗಳೇ.

‘ಪ್ರತಿದಿನ’ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇವೆ. ಚಳಿಗಾಲದಲ್ಲಿ ಲಾಯದಲ್ಲಿ ನಿಂತು ಮೈತುಂಬಿಕೊಂಡ ಕುದುರೆಯ ಕೊರಳು ವಸಂತದಲ್ಲಿ ದಪ್ಪವಾಗಿರುತ್ತದೆ. ಉಳುಮೆಯು ಕೆಲವು ವಾರ ಸಾಗಿದ ಮೇಲೆ ಅದೇ ಕೊರಳು ಇಳಿದು, ಹಿಂದೆ ಸರಿಹೊಂದಿದ್ದ ಪಟ್ಟಿಯೇ ಈಗ ಸಡಿಲವಾಗುತ್ತದೆ. ಆಗ ಒಳಗೆ ಮೆತ್ತೆಯನ್ನು ಸೇರಿಸಬೇಕು, ಅಥವಾ ಬೇರೆ ಪಟ್ಟಿಯನ್ನು ತರಬೇಕು. ಅನುಭವಿಯಾದ ರೈತನು ಸಾಲಿನ ಕೊನೆಯಲ್ಲಿ ನಿಂತಾಗ ಕೊರಳಪಟ್ಟಿಯನ್ನು ಸ್ವಲ್ಪ ಎತ್ತಿ ಹೆಗಲಿಗೆ ಗಾಳಿಯಾಡಿಸುತ್ತಾನೆ. ಸಂಜೆ ಒಳಮೈಯ ಬೆವರನ್ನು ಒರೆಸಿಡುತ್ತಾನೆ. ಒಮ್ಮೆ ಅಳೆದೆನು, ಇನ್ನು ನನ್ನ ಕರ್ತವ್ಯ ಮುಗಿಯಿತು ಎಂಬ ಮಾತು ಈ ವಿದ್ಯೆಯಲ್ಲಿ ಇಲ್ಲ.

ಇನ್ನು ಜೋಡಿಯ ವಿಚಾರ. ಎರಡು ಕುದುರೆಗಳ ಹಿಂದೆ ಒಂದು ಅಡ್ಡತೊಲೆಯಿರುತ್ತದೆ. ಅದರ ನಡುವೆ ಒಂದು ಗೂಟ. ಎರಡು ತುದಿಗಳ ಕೊಂಡಿಗಳ ನಡುವೆ ೪೦ ಅಂಗುಲವಿದ್ದು ಗೂಟವು ಸರಿಯಾಗಿ ಮಧ್ಯದಲ್ಲಿದ್ದರೆ ಎರಡಕ್ಕೂ ಸಮಪಾಲು. ಒಂದು ಬಲಿಷ್ಠ, ಮತ್ತೊಂದು ಎಳೆಯದು ಅಥವಾ ಕಾಯಿಲೆಯಿಂದ ಎದ್ದದ್ದು ಎಂದಿಟ್ಟುಕೊಳ್ಳೋಣ. ಆಗ ಗೂಟವನ್ನು ಬಲಿಷ್ಠ ಕುದುರೆಯ ಕಡೆಗೆ ೨ ಅಂಗುಲ ಸರಿಸುತ್ತಾರೆ. ಬಲಿಷ್ಠ ಕುದುರೆಯ ಪಾಲಿನ ತೋಳು ೧೮ ಅಂಗುಲ, ದುರ್ಬಲ ಕುದುರೆಯದು ೨೨ ಅಂಗುಲ. ಒಟ್ಟು ಎಳೆತವು ೪೦೦ ಪೌಂಡಾದರೆ ಬಲಿಷ್ಠ ಕುದುರೆಗೆ ೨೨೦, ದುರ್ಬಲ ಕುದುರೆಗೆ ೧೮೦. ಭಾರ ಕಡಿಮೆಯಾಗಲಿಲ್ಲ, ಬಂಡಿ ನಿಲ್ಲಲಿಲ್ಲ. ಹಂಚಿಕೆ ಮಾತ್ರ ಬದಲಾಯಿತು. ಎಲ್ಲರಿಗೂ ಸಮವಾಗಿ ಹೊರಿಸಿದೆನು, ಆದ್ದರಿಂದ ನಾನು ನ್ಯಾಯವಂತನು ಎಂದು ಹೇಳಿಕೊಳ್ಳುವವನಿಗೆ ಈ ಮರದ ತುಂಡು ಉತ್ತರ ಕೊಡುತ್ತದೆ. ಹೊರುವವರು ಸಮರಲ್ಲದಿರುವಾಗ ಸಮಪಾಲೇ ಅನ್ಯಾಯವಾದೀತು.

ಆದರೆ ಇಲ್ಲಿಯೂ ಒಂದು ಎಚ್ಚರ ಬೇಕು. ಎಳೆಯ ಕುದುರೆ ಬಲಿತ ಮೇಲೆ ಗೂಟವು ಮತ್ತೆ ಮಧ್ಯಕ್ಕೆ ಬರಬೇಕು. ಬಹಳ ಸಲ ಅದು ಬರುವುದಿಲ್ಲ. ಬಲಿಷ್ಠ ಕುದುರೆಯು ದೂರಲಿಲ್ಲ, ನಿಲ್ಲಲಿಲ್ಲ, ಎಳೆಯುತ್ತಲೇ ಹೋಯಿತು. ಒಡೆಯನಿಗೆ ಅದು ಮರೆತೇ ಹೋಯಿತು. ದುರ್ಬಲನ ನೋವನ್ನಾದರೂ ಲೋಕವು ಎಂದಾದರೊಮ್ಮೆ ಗುರುತಿಸೀತು. ಒಪ್ಪಿಕೊಂಡು ಹೊರುವವನ ಆಯಾಸವನ್ನು ಗುರುತಿಸುವವರು ಕಡಿಮೆ. ಅವನ ಮೌನವನ್ನು ನಾವು ಅವನ ಸಾಮರ್ಥ್ಯವೆಂದೇ ಎಣಿಸುತ್ತೇವೆ.

ಈ ವಿಚಾರವನ್ನು ಇಷ್ಟು ದೂರ ತಂದಮೇಲೆ, ಇದು ಕುದುರೆಗಳಿಗೆ ಮಾತ್ರ ಸಂಬಂಧಿಸಿದ್ದೆಂದು ಸಜ್ಜನರು ತಿಳಿಯಲಾರರು. ಹೊಸದಾಗಿ ಮನೆಗೆ ಬಂದ ಸೊಸೆಗೆ ಮನೆವಾರ್ತೆಯ ಭಾರವನ್ನು ಹೊರಿಸುವ ಅತ್ತೆಮಾವಂದಿರು, ಮಗನ ಮೇಲೆ ತಮ್ಮ ಆಸೆಗಳ ಹೊರೆಯನ್ನು ಇಡುವ ತಂದೆತಾಯಿಗಳು, ಶಿಷ್ಯನಿಗೆ ಪಾಠ ಒಪ್ಪಿಸುವ ಗುರುಗಳು, ಕೈಕೆಳಗಿನವರಿಂದ ದುಡಿಸಿಕೊಳ್ಳುವ ಅಧಿಕಾರಿಗಳು, ಇವರೆಲ್ಲರ ಕೈಯಲ್ಲಿಯೂ ಒಂದೊಂದು ಕೊರಳಪಟ್ಟಿಯಿದೆ. ಹೊರೆಯೇ ಇಲ್ಲದ ಮನೆಯಿಲ್ಲ, ಹೊರೆಯೇ ಇಲ್ಲದ ವಿದ್ಯೆಯೂ ಇಲ್ಲ. ಹೊರಿಸುವುದೇ ಪಾಪವೆಂದು ನಮ್ಮ ಅಭಿಪ್ರಾಯವಲ್ಲ. ತನ್ನ ಹೆಗಲಿನ ಅಳತೆಯಿಂದ ಮತ್ತೊಬ್ಬರ ಪಟ್ಟಿಯನ್ನು ಕತ್ತರಿಸುವುದು, ಹೋದ ವರ್ಷದ ಅಳತೆಯನ್ನೇ ಈ ವರ್ಷಕ್ಕೂ ನೆಚ್ಚುವುದು, ಹುಣ್ಣನ್ನು ನೋಡದೆ ಮೊಂಡುತನವೆನ್ನುವುದು, ಈ ಮೂರೂ ಪಾಪಗಳು. ಹೊರುವವನಿಗೆ ಬಾಯಿದ್ದರೂ ಅನೇಕ ವೇಳೆ ಭಯದಿಂದಲೋ ಗೌರವದಿಂದಲೋ ಅವನು ಮೂಕನಾಗಿರುತ್ತಾನೆ ಎಂಬುದನ್ನು ಮನೆಯ ಹಿರಿಯರು ವಿಶೇಷವಾಗಿ ಗಮನಿಸಬೇಕು.

ಮಹಾಭಾರತದ ದ್ರೋಣಪರ್ವದಲ್ಲಿ, ಜಯದ್ರಥವಧೆಯ ದಿನ ಸೂರ್ಯಾಸ್ತದೊಳಗೆ ಪ್ರತಿಜ್ಞೆಯನ್ನು ಪೂರೈಸಬೇಕಾದ ಆ ಆತುರದಲ್ಲಿಯೂ ಪಾರ್ಥಸಾರಥಿಯು ಯುದ್ಧರಂಗದ ನಡುವೆಯೇ ರಥದ ಕುದುರೆಗಳನ್ನು ಬಿಚ್ಚಿದನು. ಅವುಗಳ ಮೈಗೆ ನಾಟಿದ್ದ ಬಾಣಗಳನ್ನು ತನ್ನ ಕೈಯಿಂದಲೇ ಕಿತ್ತು, ಮೈ ತಿಕ್ಕಿ, ನೀರು ಕುಡಿಸಿ, ದಣಿವಾರಿದ ಬಳಿಕ ಮತ್ತೆ ಹೂಡಿದನು. ಅಂದು ಒಂದೊಂದು ಗಳಿಗೆಗೂ ಇದ್ದ ಬೆಲೆ ನಮ್ಮ ಯಾವ ಅವಸರಕ್ಕೂ ಇಲ್ಲ. ಜಗತ್ತಿನ ಭಾರವನ್ನೇ ಹೊತ್ತವನು ಕುದುರೆಯ ಗಾಯವನ್ನು ನೋಡಲು ನಿಂತನು. ನಾವು ಯಾರ ಹೆಗಲಿನ ಮೇಲೆ ಏನನ್ನು ಇಟ್ಟಿದ್ದೇವೆ ಎಂದು ಮನೆಯಲ್ಲಿಯೂ ಕೆಲಸದ ಸ್ಥಳದಲ್ಲಿಯೂ ದಿನಕ್ಕೊಮ್ಮೆ ಪಟ್ಟಿಯನ್ನು ಎತ್ತಿ ನೋಡುವ ಅಭ್ಯಾಸವನ್ನು ಪ್ರತಿಯೊಬ್ಬರೂ ಬೆಳೆಸಿಕೊಳ್ಳಲಿ ಎಂದು ಪ್ರಾರ್ಥಿಸುತ್ತೇವೆ.